ಮುನಿಸಿಪಾಲಿಟಿಗೆ ದುಡಿದ ವಿಶ್ವೇಶ್ವರಯ್ಯನವರನ್ನು ನೆನೆಯುವುದು ಹೇಗೆ?

ಪ್ರಶ್ನೆ

ಬರುವ ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನದಂದು ನಗರಸಭೆಯೊಂದರ ನೀರು ಸರಬರಾಜು ವಿಭಾಗದ ಸಿಬ್ಬಂದಿಯ ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಕುರಿತು ಇಪ್ಪತ್ತು ನಿಮಿಷ ಮಾತನಾಡುವ ಹೊಣೆ ನನ್ನ ಮೇಲಿದೆ. ಕೇಳುಗರಲ್ಲಿ ಕಿರಿಯ ಎಂಜಿನಿಯರುಗಳ ಜೊತೆಗೆ ಪಂಪ್ ಆಪರೇಟರುಗಳು, ವಾಲ್ವ್‌ಮನ್‌ಗಳೂ ಇರುತ್ತಾರೆ. ಕನ್ನಂಬಾಡಿ ಕಟ್ಟೆ, ದಿವಾನಗಿರಿ, 1955ರ ಭಾರತರತ್ನ, ಸ್ವಂತದ ಮೇಣದಬತ್ತಿಯ ಕಥೆ, ಇವೆಲ್ಲವನ್ನೂ ಅವರು ಶಾಲೆಯ ದಿನಗಳಿಂದ ಕೇಳುತ್ತಲೇ ಬಂದಿದ್ದಾರೆ. ಊರಿನ ನೀರು, ಚರಂಡಿಗಳಂಥ ಸ್ಥಳೀಯ ಆಡಳಿತದ ಕೆಲಸದಲ್ಲಿ ಅವರು ತೊಡಗಿದ್ದ ವರ್ಷಗಳನ್ನು ಮುಂದಿಟ್ಟು ಮಾತನಾಡಬೇಕೆಂಬುದು ನನ್ನ ಆಸೆ. ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ ಎಂಬುದನ್ನು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ 1

ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳುವುದಾದರೆ ಸುಕ್ಕೂರಿನ ಬಾವಿಯನ್ನು ಆರಿಸಿಕೊಳ್ಳಿ. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರಾಗಿ ಸೇರಿದ ಅವರನ್ನು ಸುಮಾರು ಹತ್ತು ವರ್ಷಗಳ ನಂತರ ಸಿಂಧ್ ಪ್ರದೇಶದ ಸುಕ್ಕೂರು ಮುನಿಸಿಪಾಲಿಟಿಯ ನೀರಿನ ಯೋಜನೆಗೆ ನಿಯೋಜಿಸಲಾಯಿತು. ಊರಿನ ಪಕ್ಕದಲ್ಲೇ ಸಿಂಧೂ ನದಿ ಹರಿಯುತ್ತಿದ್ದುದರಿಂದ ನೀರಿಗೆ ಬರವಿರಲಿಲ್ಲ. ಆದರೆ ಆ ನೀರು ಹೂಳಿನಿಂದ ಬಗ್ಗಡವಾಗಿತ್ತು, ಅದನ್ನು ಸೋಸುವುದಕ್ಕೆ ಬೇಕಾದ ಶೋಧಕ ತೊಟ್ಟಿಗಳನ್ನು ಕಟ್ಟಿಸುವಷ್ಟು ಹಣ ಮುನಿಸಿಪಾಲಿಟಿಯ ಬೊಕ್ಕಸದಲ್ಲಿರಲಿಲ್ಲ.

ಆಗ ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ ದುಂಡನೆಯ ಬಾವಿಯೊಂದನ್ನು ಇಳಿಸಿದರು. ಹರಿಯುವ ನೀರು ಮರಳಿನ ಪದರಗಳ ಮೂಲಕ ಬಸಿದು ಬಾವಿಗೆ ಬರುವಷ್ಟರಲ್ಲಿ ತಿಳಿಯಾಗಿರುತ್ತಿತ್ತು. ಬಾವಿಯೊಂದರಿಂದಲೇ ಊರಿಗೆ ಸಾಲುವಷ್ಟು ನೀರು ದೊರೆಯುವಂತಿರಲಿಲ್ಲವಾದ್ದರಿಂದ ಅದರ ತಳದಿಂದ ನದಿಯ ಅಡಿಗೆ ಸುರಂಗವೊಂದನ್ನು ತೆಗೆಸಿ, ನೀರು ಬಸಿಯುವ ಜಾಗವನ್ನು ಹಿಗ್ಗಿಸಿದರು. ಹೀಗೆ ಕೂಡಿದ ನೀರನ್ನು ಪಂಪಿನಿಂದ ಹತ್ತಿರದ ಗುಡ್ಡಕ್ಕೆ ಏರಿಸಿ, ಅಲ್ಲಿಂದ ಕೊಳಾಯಿಗಳ ಮೂಲಕ ಊರಿಗೆ ಇಳಿಸಲಾಯಿತು. ಕೆಲಸ 1895ರಲ್ಲಿ ಮುಗಿಯಿತು. ಆಗ ಅವರಿಗೆ ಸುಮಾರು 34 ವರ್ಷ.

ಮೇಣದಬತ್ತಿಯ ಕಥೆಯನ್ನು ದಯವಿಟ್ಟು ಬಿಟ್ಟುಬಿಡಿ. ಪ್ರಾಮಾಣಿಕತೆಗೆ ಅದನ್ನೇ ಉದಾಹರಣೆಯಾಗಿ ಕೊಟ್ಟೂ ಕೊಟ್ಟೂ ನಾವು ಅವರ ಎಂಜಿನಿಯರಿಂಗನ್ನೇ ಮರೆತಿದ್ದೇವೆ. ಊರಿನ ತೆರಿಗೆಯ ಹಣ ಎಷ್ಟಿದೆಯೆಂದು ನೋಡಿ, ಅಷ್ಟರೊಳಗೆ ಶುದ್ಧ ನೀರು ಬರುವಂತೆ ಯೋಚಿಸಿದ್ದೂ ಪ್ರಾಮಾಣಿಕತೆಯೇ ಎಂದು ನಾನು ಭಾವಿಸುತ್ತೇನೆ.

ಉತ್ತರ 2

ನಾನು ನಿವೃತ್ತ ಪುರಸಭಾ ಎಂಜಿನಿಯರ್. ಮೇಲಿನವರು ಹೇಳಿದ ಬಗೆಯ ಬಾವಿಯೊಂದರ ಉಸ್ತುವಾರಿಯನ್ನು ನಾನೂ ಕೆಲವು ವರ್ಷ ನೋಡಿಕೊಂಡಿದ್ದೆ. ಮುಂಗಾರಿನ ಮೊದಲ ನೆರೆ ಬಂದು ಹೊಳೆ ಕೆಂಪಗೆ, ಗಂಜಿಯಂತೆ ಹರಿಯುತ್ತಿದ್ದ ಒಂದು ಬೆಳಿಗ್ಗೆ ನಮ್ಮ ನೀರುಗಂಟಿ ಜಾಕ್‌ವೆಲ್ಲಿನೊಳಕ್ಕೆ, ಅಂದರೆ ಬಸಿದ ನೀರು ಕೂಡುವ ಆ ಬಾವಿಯೊಳಕ್ಕೆ, ಹಗ್ಗ ಕಟ್ಟಿದ ಸ್ಟೀಲ್ ತಂಬಿಗೆಯನ್ನು ಬಿಟ್ಟು ನೀರೆತ್ತಿದ. ತಂಬಿಗೆಯ ತಳದಲ್ಲಿ ಕೊರೆದಿದ್ದ ಅವನ ತಾಯಿಯ ಹೆಸರಿನ ಅಕ್ಷರಗಳು ಆ ನೀರಿನಲ್ಲಿ ಒಂದೊಂದೂ ಸ್ಪಷ್ಟವಾಗಿ ಕಾಣಿಸುತ್ತಿದ್ದವು. ನಾವು ನಿಂತಿದ್ದ ಜಾಗಕ್ಕೂ ಕೆಂಪು ನೀರಿಗೂ ಹತ್ತು ಹೆಜ್ಜೆಯ ಅಂತರವೂ ಇರಲಿಲ್ಲ. ಸುಕ್ಕೂರಿನ ವಿವರವನ್ನು ಅದಕ್ಕೂ ಮೊದಲೇ ಓದಿದ್ದೆನಾದರೂ ಅದು ನನ್ನ ಅನುಭವಕ್ಕೆ ಬಂದದ್ದು ಅಂದು.

ಆದರೆ ಮರಳು ತಾನಾಗಿಯೇ ಎಲ್ಲವನ್ನೂ ಮಾಡಿಬಿಡುತ್ತದೆ ಎಂಬ ಅರ್ಥ ನಿಮ್ಮ ಮಾತಿನಿಂದ ಬರಬಾರದು. ಮರಳಿನ ಕಣ ಎಷ್ಟು ದಪ್ಪ, ಪದರ ಎಷ್ಟು ಆಳ, ಬೇಸಿಗೆಯಲ್ಲಿ ಹೊಳೆ ಎಲ್ಲಿಗೆ ಸರಿಯುತ್ತದೆ, ಪಂಪನ್ನು ಎಷ್ಟು ಹೊತ್ತು ನಡೆಸಿದರೆ ಬಾವಿಯ ಮಟ್ಟ ಎಷ್ಟು ಇಳಿಯುತ್ತದೆ, ಎಷ್ಟು ಹೊತ್ತಿಗೆ ಮತ್ತೆ ಏರುತ್ತದೆ, ಇವನ್ನೆಲ್ಲ ಅಳೆದು ಬರೆದಿಟ್ಟುಕೊಂಡವನಿಗೆ ಮಾತ್ರ ಅಂಥ ಬಾವಿ ಒಲಿಯುತ್ತದೆ. ಬಸಿಯುವುದಕ್ಕಿಂತ ವೇಗವಾಗಿ ನೀರೆತ್ತಿದರೆ ನುಣ್ಣನೆಯ ಮರಳೂ ಒಳಗೆ ನುಗ್ಗಿ, ಬಾವಿಯೇ ಹೂತುಹೋಗುತ್ತದೆ. ಈ ಮಾತು ನಿಮ್ಮ ಸಭೆಯ ಪಂಪ್ ಆಪರೇಟರುಗಳಿಗೆ ತಕ್ಷಣ ಅರ್ಥವಾಗುತ್ತದೆ, ಏಕೆಂದರೆ ಅದು ಅವರು ದಿನವೂ ನೋಡುವ ಸಂಗತಿ.

ಉತ್ತರ 3

ಸುಕ್ಕೂರಿನ ಜೊತೆಗೆ ಹೈದರಾಬಾದನ್ನೂ ಸೇರಿಸಿಕೊಳ್ಳಿ. ಅದು ನಿಜಾಮರ ಸರ್ಕಾರಕ್ಕಾಗಿ ಮಾಡಿದ ಕೆಲಸವೇ ಹೊರತು ಮುನಿಸಿಪಾಲಿಟಿಯ ನೌಕರಿಯಲ್ಲ, ನಿಜ. ಆದರೂ ಒಂದು ಊರನ್ನು ಇಡಿಯಾಗಿ ನೋಡುವ ಅವರ ದೃಷ್ಟಿ ಅಲ್ಲಿ ಎದ್ದು ಕಾಣುತ್ತದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತ ಮೇಲೆ ಅವರನ್ನು ಕರೆಸಿಕೊಳ್ಳಲಾಯಿತು. 1909ರಲ್ಲಿ ಅವರು ಅಲ್ಲಿ ಕೆಲಸ ಆರಂಭಿಸಿದರು. ನಗರದೊಳಗೆ ದಡಗಳನ್ನು ಎತ್ತರಿಸಿದರೆ ಸಾಲದು, ನಗರಕ್ಕೆ ಬರುವ ಮೊದಲೇ ನೆರೆಯ ನೀರನ್ನು ಮೇಲೆ ತಡೆದು ನಿಲ್ಲಿಸಬೇಕು ಎಂಬುದು ಅವರ ಸಲಹೆಯ ತಿರುಳು. ಅದರ ಫಲವಾಗಿ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು. ನೆರೆ ತಡೆಯುವುದಕ್ಕೆಂದು ಯೋಚಿಸಿದ ಆ ಜಲಾಶಯಗಳೇ ಮುಂದೆ ನಗರಕ್ಕೆ ಕುಡಿಯುವ ನೀರನ್ನೂ ಒದಗಿಸಿದವು. ಅದೇ ನಗರದ ಒಳಚರಂಡಿಗೂ ಅವರು ಯೋಜನೆ ಹಾಕಿಕೊಟ್ಟರು. ನಲ್ಲಿಯಲ್ಲಿ ಬಂದ ನೀರು ಕೊಳಚೆಯಾಗಿ ಹೊರಗೆ ಹೋಗಲೇಬೇಕಲ್ಲವೇ? ಆ ಲೆಕ್ಕವನ್ನು ಅವರು ಬಿಡುತ್ತಿರಲಿಲ್ಲ.

ಅರಬ್ಬೀ ನಾಡಿನ ಬಂದರು ನಗರ ಏಡನ್‌ನ ನೀರಿನ ಸಮಸ್ಯೆಗೂ ಅವರನ್ನು ಕಳುಹಿಸಲಾಗಿತ್ತಾದರೂ ಇಪ್ಪತ್ತು ನಿಮಿಷದಲ್ಲಿ ಅದಕ್ಕೆ ಜಾಗ ಸಿಗಲಾರದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಾತಿನ ಬಹುಪಾಲನ್ನು ಸುಕ್ಕೂರಿಗೇ ಮೀಸಲಿಟ್ಟು, ಕೊನೆಯ ಐದು ನಿಮಿಷದಲ್ಲಿ ಹೈದರಾಬಾದಿಗೆ ಬರುತ್ತೇನೆ. ಒಂದು ಗಾಜಿನ ಜಾಡಿಯ ತಳಕ್ಕೆ ಪುಟ್ಟ ನಲ್ಲಿಯನ್ನು ಕೂಡಿಸಿ, ಜಲ್ಲಿ ಮತ್ತು ಮರಳು ತುಂಬಿ, ಎಲ್ಲರ ಎದುರಿಗೆ ಕೆಸರು ನೀರನ್ನು ಸುರಿದು ತೋರಿಸುವ ಯೋಚನೆಯೂ ಇದೆ. ಇದು ಸರಿಯಾಗಿ ನಡೆಯುತ್ತದೆಯೇ?

ಉತ್ತರ 2 ಬರೆದವರು

ನಡೆಯುತ್ತದೆ, ಆದರೆ ಹಿಂದಿನ ದಿನವೇ ಮರಳನ್ನು ಏಳೆಂಟು ನೀರಿನಲ್ಲಿ ತೊಳೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮರಳಿನದೇ ಮಣ್ಣು ಇಳಿದು ಮೊದಲ ಲೋಟ ಕೆಂಪಗೆ ಬರುತ್ತದೆ. ಜಲ್ಲಿ ತಳದಲ್ಲಿರಲಿ, ಮರಳು ಒಂದು ಗೇಣಿಗಿಂತ ಕಡಿಮೆಯಾಗದಿರಲಿ. ನೀರನ್ನು ನಿಧಾನವಾಗಿ ಹುಯ್ಯಿರಿ, ಅದು ಇಳಿದು ಬರುವವರೆಗೆ ಮಾತು ಮುಂದುವರಿಸಿ. ಸೋಸಿದ ನೀರು ತಿಳಿಯಾಗಿ ಕಂಡರೂ ಅದನ್ನು ಯಾರೂ ಕುಡಿಯದಂತೆ ಮಾತ್ರ ನೋಡಿಕೊಳ್ಳಿ.