ರೋಬೋ ಡ್ಯಾನ್ಸ್: ಕ್ಲಾಸಿಗೆ ಸೇರಲಾ, ಮನೆಯಲ್ಲೇ ಕಲಿಯಲಾ?

ಹಾಸನದ ಹುಡುಗ: ನನಗೆ 24 ವರ್ಷ. ಡ್ಯಾನ್ಸ್ ಯಾವತ್ತೂ ಮಾಡಿದವನಲ್ಲ. ಮೂರು ತಿಂಗಳಿಗೆ ಅಕ್ಕನ ಮದುವೆ. ರಿಸೆಪ್ಷನ್‌ನಲ್ಲಿ ಎರಡು ನಿಮಿಷ ರೋಬೋ ಡ್ಯಾನ್ಸ್ ಮಾಡಬೇಕು ಅಂತ ಆಸೆ. ದಿನಕ್ಕೆ ಒಂದು ಗಂಟೆ ಸಿಗುತ್ತದೆ. ಅನುಭವ ಇದ್ದವರು ಹೇಳಿ.

ಪೀಣ್ಯದವನು: ಕ್ಲಾಸ್ ಬೇಡವೇ ಬೇಡ. ಸೇರುವಾಗ 1,000 ಕಟ್ಟಿದೆ. ಆಮೇಲೆ ತಿಂಗಳಿಗೆ 2,500ರಂತೆ ಮೂರು ತಿಂಗಳು. ಅವರೇ ಹೇಳಿದರು ಅಂತ 1,800ಕ್ಕೆ ಶೂ ಬೇರೆ. ಒಟ್ಟು 10,300 ಹೋಯಿತು. ಬ್ಯಾಚಿಗೆ 40 ಜನ, ಬರೀ ಸಿನಿಮಾ ಸ್ಟೆಪ್ಪು, ರೋಬೋ ಹೇಳಿಕೊಟ್ಟಿದ್ದು ಎರಡೇ ಸಂಜೆ! ಆ ಶೂ ನೆಲಕ್ಕೆ ಕಚ್ಚಿಕೊಂಡು, ತಿರುಗುವಾಗ ಮಂಡಿ ಉಳುಕಿತು. ಈಗ ಕಾಲುಚೀಲದಲ್ಲೇ ಮಾಡುತ್ತೇನೆ. ನಿಜವಾಗಿ ಕಲಿತಿದ್ದು ತಂಗಿಯ ಗೆಜ್ಜೆಯಿಂದ. ಅದರ ಎರಡು ಗೆಜ್ಜೆ ಬಿಚ್ಚಿ ದಾರದಲ್ಲಿ ಮಣಿಕಟ್ಟಿಗೆ ಕಟ್ಟಿಕೊಂಡೆ. ಕೈ ಒಂದೇ ವೇಗದಲ್ಲಿ ಬಂದು ಟಕ್ ಅಂತ ನಿಂತರೆ ಒಂದೇ ಸಲ ಛಲ್ ಅನ್ನುತ್ತದೆ. ಮೊಣಕೈ ಸ್ವಲ್ಪ ಅದುರಿದರೂ ಘಲ್ ಘಲ್ ಅಂತ ಮುಂದುವರಿಯುತ್ತದೆ. ಒಂದೇ ಸಲ ಛಲ್ ಅನ್ನಿಸಲು ನನಗೆ 22 ದಿನ ಬೇಕಾಯಿತು.

ಮೈಸೂರು ಅಕ್ಕ: ನಿಮಗೆ ಕೆಟ್ಟ ಕ್ಲಾಸ್ ಸಿಕ್ಕಿತು ಅಂತ ಎಲ್ಲರಿಗೂ ಬೇಡ ಅನ್ನುವುದು ಯಾವ ನ್ಯಾಯ? ನಾನು ಆರು ತಿಂಗಳು ಫೋನ್ ನೋಡಿಕೊಂಡು ಒಬ್ಬಳೇ ಮಾಡಿದೆ. ಕತ್ತು ಹಿಡಿದುಕೊಂಡಿತು. ಫಿಸಿಯೋಥೆರಪಿ 12 ಸಲ, ಸಲಕ್ಕೆ 400, ಅಲ್ಲಿಗೇ 4,800. ವಾರವಿಡೀ ಕೆಲಸಕ್ಕೆ ರಜೆ. ಆಮೇಲೆ ಸಿಕ್ಕ ಮೇಡಂ ಮೊದಲ ದಿನವೇ ಹೇಳಿದರು, "ಉಸಿರು ಬಿಗಿ ಹಿಡಿದಿದ್ದೀಯ, ಅದಕ್ಕೇ ಭುಜ ಕಿವಿ ಹತ್ತಿರ ಬಂದಿದೆ" ಅಂತ. ಭುಜ ಅಲ್ಲಾಡದ ಹಾಗೆ ಕತ್ತು ತಿರುಗಿಸುವುದು, ಇದೊಂದನ್ನೇ ಎರಡು ವಾರ ಮಾಡಿಸಿದರು. ನಿಮ್ಮ ಗೆಜ್ಜೆ ಇದನ್ನೆಲ್ಲ ಹೇಳುತ್ತಾ?

ಪಾಪಿಂಗ್ ಪ್ರೇಮಿ: ಇಬ್ಬರೂ ರೋಬೋ, ಪಾಪಿಂಗ್ ಎರಡನ್ನೂ ಕಲಸಬೇಡಿ. ಪಾಪಿಂಗ್ ಅಂದರೆ ತಾಳಕ್ಕೆ ಸರಿಯಾಗಿ ಸ್ನಾಯು ಬಿಗಿಮಾಡಿ ಬಿಡುವುದು. ಅದನ್ನು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ಬೆಳೆಸಿದ್ದು ಬೂಗಲೂ ಸ್ಯಾಮ್ ಅನ್ನೋ ಡ್ಯಾನ್ಸರ್. ರೋಬೋದಲ್ಲಿ ಮುಖ್ಯವಾದದ್ದು ಚಲನೆ ಮತ್ತು ನಿಲುಗಡೆ. ಮೈಕಲ್ ಜಾಕ್ಸನ್ 1973ರಲ್ಲೇ ಟಿವಿಯಲ್ಲಿ ರೋಬೋ ಮಾಡಿದ್ದ, ಆಗ ಅವನಿಗೆ 15 ವರ್ಷ.

ಪೀಣ್ಯದವನು: ಪಾಪಿಂಗ್ ಅಂತ ನಾನು ಎಲ್ಲಿ ಬರೆದೆ ಗುರು? ಮೇಲೆ ಹೋಗಿ ಓದು. ಆ ಹುಡುಗನಿಗೆ ಇತಿಹಾಸ ಬೇಕಾಗಿಲ್ಲ.

ಪಾಪಿಂಗ್ ಪ್ರೇಮಿ: ಬೇಕು. ಹೆಸರು ಗೊತ್ತಿಲ್ಲದೆ ಹುಡುಕಿದರೆ ತಪ್ಪು ವಿಡಿಯೋ ಸಿಗುತ್ತದೆ. ನಾನು ಎಂಟು ತಿಂಗಳು ಹಾಗೇ ಕಳೆದುಕೊಂಡೆ. ತೊಡೆ ಬಿಗಿಮಾಡಿ ಮಾಡಿ, ರಾತ್ರಿ ಕಾಲು ಹಿಡಿದುಕೊಂಡು ಎದ್ದು ಕೂರುತ್ತಿದ್ದೆ.

ಮೈಸೂರು ಅಕ್ಕ: ಪ್ರಭುದೇವ ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ. ಅವರೂ ಗುರುಗಳ ಹತ್ತಿರ ಭರತನಾಟ್ಯ ಕಲಿತವರೇ.

ಪೀಣ್ಯದವನು: ಅವರ ತಂದೆಯೇ ಡ್ಯಾನ್ಸ್ ಮಾಸ್ಟರ್ ಅಕ್ಕ! ನಮ್ಮಪ್ಪ ಲೇತ್ ಆಪರೇಟರ್. ನನ್ನ 10,300 ಓವರ್‌ಟೈಮ್ ದುಡ್ಡು.

ಮೈಸೂರು ಅಕ್ಕ: ನನ್ನ 4,800 ಏನು ಪುಕ್ಕಟೆ ಬಂದಿದ್ದಾ?

ಹಾಸನದ ಹುಡುಗ: ದಯವಿಟ್ಟು ಜಗಳ ಬೇಡ. ಗೆಜ್ಜೆ ಕಟ್ಟಿ ನೋಡಿದೆ, ಘಲ್ ಘಲ್ ನಿಲ್ಲುತ್ತಲೇ ಇಲ್ಲ. ನಮ್ಮದು ರೆಡ್ ಆಕ್ಸೈಡ್ ನೆಲ, ಕಾಲುಚೀಲ ಹಾಕಿದರೆ ಜಾರುತ್ತದೆ. ಬರಿಗಾಲಲ್ಲಿ ಮಾಡಬಹುದಾ?