ಮಾತು ಕಡಿಮೆ ಇರುವ ಮಗನಿಗೆ ನಾಯಿಮರಿ ತರಬಹುದಾ? ಗೊತ್ತಿರುವವರು ಹೇಳಿ

ಪುಟ್ಟನ ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಐದು ವರ್ಷ, ಆಟಿಸಂ ಇದೆ. ಮಾತು ತುಂಬಾ ಕಡಿಮೆ. ಏನಾದರೂ ಬೇಕಿದ್ದರೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಜೋರು ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಕೂತುಬಿಡುತ್ತಾನೆ. ಬೇರೆ ಮಕ್ಕಳ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಬೆಕ್ಕೋ ನಾಯಿಯೋ ಕಂಡರೆ ಸಾಕು, ಅಲ್ಲೇ ನಿಂತು ನೋಡುತ್ತಾನೆ.

ನಾಯಿಮರಿ ತನ್ನಿ, ಮಾತು ತಾನಾಗಿ ಬರುತ್ತದೆ ಅಂತ ನೆಂಟರೆಲ್ಲ ಹೇಳುತ್ತಿದ್ದಾರೆ. ಕುದುರೆ ಸವಾರಿ ಮಾಡಿಸಿ ಅಂತ ಇನ್ನೊಬ್ಬರು. ಇದರಲ್ಲಿ ನಿಜ ಎಷ್ಟು? ಸುಮ್ನೆ ಒಂದು ಜೀವ ಮನೆಗೆ ತಂದು, ಆಮೇಲೆ ಅದಕ್ಕೂ ಕಷ್ಟ, ಇವನಿಗೂ ಕಷ್ಟ ಆಗಬಾರದು ಅಲ್ವಾ?

ಕುದುರೆಲಾಳ:

ಕುದುರೆ ವಿಷಯ ನಾನು ಹೇಳುತ್ತೇನೆ. ನನ್ನ ಮಗಳಿಗೆ ಡೌನ್ ಸಿಂಡ್ರೋಮ್. ಫಿಸಿಯೋಥೆರಪಿಸ್ಟ್ ಜೊತೆಯಲ್ಲೇ ಇದ್ದು ಕುದುರೆ ಮೇಲೆ ಕೂರಿಸಿ ವ್ಯಾಯಾಮ ಮಾಡಿಸುತ್ತಾರೆ. ಹಿಪೋಥೆರಪಿ ಅನ್ನುತ್ತಾರೆ. ಕುದುರೆ ನಿಧಾನಕ್ಕೆ ಹೆಜ್ಜೆ ಹಾಕಿದಾಗ ಮೇಲೆ ಕೂತವರ ಸೊಂಟ ನಾವು ನಡೆಯುವಾಗ ಆಡುವ ಹಾಗೆಯೇ ಆಡುತ್ತದೆ. ಬೀಳದೆ ಕೂರಲು ಬೆನ್ನು, ಹೊಟ್ಟೆಯ ಸ್ನಾಯುಗಳು ಕೆಲಸ ಮಾಡಲೇಬೇಕು. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದಿರುವುದು) ಇರುವ ಮಕ್ಕಳಿಗೂ ಇದನ್ನು ಮಾಡಿಸುತ್ತಾರೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಪೋಲಿಯೋದಿಂದ ಮೊಣಕಾಲಿನ ಕೆಳಗೆ ಬಲ ಕಳೆದುಕೊಂಡವರು. ಕುದುರೆ ಹತ್ತಿಸಲು, ಇಳಿಸಲು ಜನ ಬೇಕಿತ್ತು. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯಲ್ಲಿ ಬೆಳ್ಳಿ ಗೆದ್ದರು. ಅದಾದ ಮೇಲೆ ಕುದುರೆ ಥೆರಪಿಯ ಕಡೆ ಜನರ ಗಮನ ಜಾಸ್ತಿ ಆಯಿತು.

ಒಂದು ಎಚ್ಚರಿಕೆ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಿಗೆ ಕತ್ತಿನ ಮೇಲ್ಭಾಗದ ಮೂಳೆಗಳ ಕೀಲು ಸಡಿಲ ಇರುತ್ತದೆ. ಡಾಕ್ಟರ್ ಕತ್ತು ನೋಡಿ ಒಪ್ಪಿಗೆ ಕೊಡುವವರೆಗೆ ಕುದುರೆ ಹತ್ತಿಸಲೇಬೇಡಿ. ಇದನ್ನು ಕೇಳದೆಯೇ ಮಗುವನ್ನು ಎತ್ತಿ ಕೂರಿಸಲು ಬರುವ ಕಡೆ ಹೋಗುವುದೇ ಬೇಡ.

ಹಸಿರೆಲೆ ಟೀಚರ್:

ಪುಟ್ಟನ ಅಮ್ಮ, ನಾನು ಸ್ಪೆಷಲ್ ಎಜುಕೇಟರ್. ಚಿಕ್ಕ ಮಕ್ಕಳ ಜೊತೆ ಪ್ರಾಣಿಗಳನ್ನು ಇಟ್ಟುಕೊಂಡೇ ಕೆಲಸ ಮಾಡುತ್ತೇನೆ. ನಿಮ್ಮ ಕೊನೆಯ ಸಾಲು ಓದಿ ಸಮಾಧಾನ ಆಯಿತು. ಪ್ರಾಣಿಯ ಕಷ್ಟವನ್ನು ಮೊದಲೇ ಯೋಚಿಸುವವರು ಕಡಿಮೆ.

ನೇರವಾಗಿ ಹೇಳುತ್ತೇನೆ, ಮಾತು ತಾನಾಗಿ ಬರುವುದಿಲ್ಲ. ಪ್ರಾಣಿ ಔಷಧಿ ಅಲ್ಲ. ಅದು ಮಗುವಿಗೆ ಒಂದು ಕಾರಣ ಕೊಡುತ್ತದೆ. ಕಾಯಲು ಕಾರಣ, ಕೇಳಲು ಕಾರಣ, ಪಕ್ಕದವರ ಮುಖ ನೋಡಲು ಕಾರಣ. ಆ ಕಾರಣವನ್ನು ಹಿಡಿದು ಕಲಿಸಬೇಕಾದವರು ದೊಡ್ಡವರೇ. ಅಮೆರಿಕದ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ 1960ರ ದಶಕದಲ್ಲಿ ಇದರ ಬಗ್ಗೆ ಬರೆದಾಗಲೂ ವಿಷಯ ಇದೇ ಆಗಿತ್ತು. ಯಾರ ಜೊತೆಗೂ ಬೆರೆಯದ ಹುಡುಗನೊಬ್ಬ ಅವರ ನಾಯಿ ಜಿಂಗಲ್ಸ್ ಜೊತೆ ಆಟಕ್ಕಿಳಿದ. ಲೆವಿನ್ಸನ್ ಆ ಆಟದೊಳಗೆ ಮೆಲ್ಲಗೆ ಸೇರಿಕೊಂಡರು. ಚಿಕಿತ್ಸೆ ಮಾಡಿದವರು ಅವರು, ಬಾಗಿಲು ತೆರೆದದ್ದು ನಾಯಿ.

ನಿಮ್ಮ ಮಗ ನೋಡುತ್ತಾ ನಿಲ್ಲುತ್ತಾನೆ ಅಂದಿರಲ್ಲ, ಅದು ತುಂಬಾ ಒಳ್ಳೆಯ ಸುಳಿವು. ಆದರೆ ನಾಯಿಮರಿ ಬೇಡ, ಸದ್ಯಕ್ಕಂತೂ ಬೇಡವೇ ಬೇಡ. ಮರಿ ಬೊಗಳುತ್ತದೆ, ಹಾರುತ್ತದೆ, ಹಲ್ಲು ಬರುವಾಗ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಸದ್ದಿಗೆ ಹೆದರುವ ಮಗುವಿಗೆ ತನ್ನ ಮನೆಯೇ ಬೇಡ ಅನ್ನಿಸಬಹುದು. ಥೆರಪಿಗೆ ಬರುವ ನಾಯಿ ಬೆಳೆದ, ಶಾಂತ ಸ್ವಭಾವದ, ಪರೀಕ್ಷೆ ಮಾಡಿ ಆರಿಸಿದ ನಾಯಿ. ಪಕ್ಕದಲ್ಲಿ ಅದರ ಯಜಮಾನ ಇದ್ದೇ ಇರುತ್ತಾರೆ. ಮನೆಯ ಮರಿಗೂ ಅದಕ್ಕೂ ಹೋಲಿಕೆ ಇಲ್ಲ.

ಚಿಕ್ಕ ಮಕ್ಕಳಿಗೆ ಕಲಿಸಲು ನಾನು ಜಾಸ್ತಿ ಇಟ್ಟುಕೊಳ್ಳುವುದು ಗಿನಿಪಿಗ್‌ಗಳನ್ನು, ಇಲಿ ಜಾತಿಯ, ಬಾಲ ಕಾಣದ, ಸೊಪ್ಪು ತಿನ್ನುವ ಸಾಧು ಪ್ರಾಣಿ. ಒಂದು ಸಲ ಹೇಗಿರುತ್ತದೆ ಅಂತ ಹೇಳುತ್ತೇನೆ. ಗೂಡು ನೆಲದ ಮೇಲೆ, ಮಗು ಚಾಪೆ ಮೇಲೆ. ಎಲೆಗಳ ಚೀಲ ನನ್ನ ಕೈಯಲ್ಲಿ. ಚೀಲ ಪರಪರ ಅಂದ ತಕ್ಷಣ ಗಿನಿಪಿಗ್‌ಗಳು ಕುಯ್ ಕುಯ್ ಅಂತ ಶುರು ಮಾಡುತ್ತವೆ. ಮಗುವಿನ ಮುಂದೆ ಎಲೆಯ ಚಿತ್ರದ ಕಾರ್ಡ್ ಇಟ್ಟಿರುತ್ತೇನೆ. ಕಾರ್ಡ್ ನನ್ನ ಕೈಗೆ ಬಂದರೆ ಎಲೆ ಅವರ ಕೈಗೆ. ಒಬ್ಬ ಹುಡುಗಿ ಮೊದಲೆಲ್ಲ ಚೀಲಕ್ಕೇ ಕೈ ಹಾಕುತ್ತಿದ್ದಳು. ಒಂದು ದಿನ ಕಾರ್ಡ್ ಕೊಟ್ಟಳು, ಎಲೆ ತೆಗೆದುಕೊಂಡಳು, ಸರಳಿನ ಸಂದಿಯಲ್ಲಿ ಹಿಡಿದಳು. ಆ ಕಡೆಯಿಂದ ಗಿನಿಪಿಗ್ ಎಲೆ ಎಳೆದಾಗ ಅವಳು ಬಿಡಲಿಲ್ಲ. ಅದರ ಬಾಯಿ ನೋಡಿದಳು, ತಿರುಗಿ ನನ್ನ ಮುಖ ನೋಡಿದಳು, ಮತ್ತೆ ಅದನ್ನು ನೋಡಿದಳು. ‘ನೀನೂ ನೋಡಿದೆಯಾ’ ಅಂತ ಕೇಳುವ ನೋಟ ಅದು. ಮಾತಿಗೆ ಮೊದಲು ಬರಬೇಕಾದದ್ದು ಇದೇ. ನಮಗೆ ಎಷ್ಟೋ ತಿಂಗಳ ಕೆಲಸ ಅದು. ಆಮೇಲೆ ಎಲೆಗಳ ಚೀಲವನ್ನು ಇನ್ನೊಂದು ಮಗುವಿನ ಕೈಗೆ ಕೊಟ್ಟೆ. ಈಗ ಕಾರ್ಡ್ ಅವನಿಗೆ ಕೊಡಬೇಕು. ಕೊಟ್ಟಳು.

2013ರಲ್ಲಿ ಆಸ್ಟ್ರೇಲಿಯಾದ ತರಗತಿಗಳಲ್ಲಿ ನಡೆದ ಅಧ್ಯಯನದಲ್ಲೂ ಹೀಗೇ ಕಂಡಿತು. ಆಟಿಸಂ ಇರುವ ಮಕ್ಕಳು ಆಟಿಕೆಗಳು ಇದ್ದಾಗ ಇರುವುದಕ್ಕಿಂತ ಗಿನಿಪಿಗ್‌ಗಳು ಇದ್ದಾಗ ಜಾಸ್ತಿ ಮಾತಾಡಿದರು, ಜಾಸ್ತಿ ನಕ್ಕರು, ಬೇರೆಯವರ ಮುಖವನ್ನೂ ಜಾಸ್ತಿ ನೋಡಿದರು. ಪ್ರಾಣಿ ಎದುರಿಗಿದ್ದಾಗಿನ ಬದಲಾವಣೆ ಇದು. ಅದನ್ನು ಮನೆಯ ದಿನಚರಿಗೆ ತರುವ ಕೆಲಸ ಬೇರೆಯೇ. ಅದಕ್ಕೇ ನಿಮ್ಮ ಸ್ಪೀಚ್ ಥೆರಪಿಸ್ಟ್ ಜೊತೆ ಮೊದಲು ಗುರಿ ಮಾತಾಡಿಕೊಳ್ಳಿ. ಏನು ಕಲಿಯಬೇಕು ಅನ್ನುವುದು ಮೊದಲು, ಯಾವ ಪ್ರಾಣಿ ಅನ್ನುವುದು ಆಮೇಲೆ.

ಇನ್ನೊಂದು ಮಾತು. ಪ್ರಾಣಿಗೂ ‘ಬೇಡ’ ಅನ್ನಲು ಜಾಗ ಇರಬೇಕು. ನನ್ನ ಗೂಡಿನಲ್ಲಿ ಅಡಗಲು ಒಂದು ಡಬ್ಬ ಇದೆ. ಒಳಗೆ ಹೋದರೆ ಯಾರೂ ಮುಟ್ಟುವ ಹಾಗಿಲ್ಲ. ನಾಯಿ ಆದರೆ ಸುಸ್ತಿಲ್ಲದೆ ಆಕಳಿಸುವುದು, ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿ ಭಾಗ ತೋರಿಸುವುದು, ಸೆಟೆದು ನಿಲ್ಲುವುದು, ಇವೆಲ್ಲ ‘ಸಾಕು’ ಅನ್ನುವ ಸೂಚನೆ. ಚಿಕ್ಕ ಮಕ್ಕಳಿಗೆ ಇದು ಗೊತ್ತಾಗುವುದಿಲ್ಲ, ಬಿಗಿಯಾಗಿ ಅಪ್ಪಿಕೊಳ್ಳುತ್ತಾರೆ. ಹಾಗಾಗಿ ದೊಡ್ಡವರು ಕೈಗೆಟಕುವಷ್ಟು ಹತ್ತಿರ ಇಲ್ಲದೆ ಇಬ್ಬರನ್ನೂ ಒಟ್ಟಿಗೆ ಬಿಡಲೇಬೇಡಿ. ನಾಯಿ ಕಚ್ಚಿದರೆ ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು ತಕ್ಷಣ ಡಾಕ್ಟರ್ ಹತ್ತಿರ ಹೋಗಿ.

ಆಮೆ, ಹಲ್ಲಿ ಜಾತಿ, ಕೋಳಿಮರಿ ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡುವುದು ಬೇಡ, ಸಾಲ್ಮೊನೆಲ್ಲಾ ಅನ್ನುವ, ವಾಂತಿ ಭೇದಿ ತರುವ ಬ್ಯಾಕ್ಟೀರಿಯಾ ಸೋಂಕು ಬರಬಹುದು. ಹ್ಯಾಮ್‌ಸ್ಟರ್ (ಇಲಿಯಂಥ ಪುಟ್ಟ ಸಾಕುಪ್ರಾಣಿ) ಹಗಲು ಮಲಗುತ್ತದೆ, ಎಬ್ಬಿಸಿದರೆ ಕಚ್ಚಬಹುದು.

ಪುಟ್ಟನ ಅಮ್ಮ:

ಟೀಚರ್, ಇಬ್ಬರ ಉತ್ತರವನ್ನೂ ಮನೆಯವರಿಗೆ ಓದಿ ಹೇಳಿದೆ. ತುಂಬಾ ಧನ್ಯವಾದ. ನಾಯಿಮರಿ ಯೋಚನೆ ಬಿಟ್ಟೆವು. ಇವನು ಎಲ್ಲವನ್ನೂ ಗಟ್ಟಿಯಾಗಿ ಹಿಂಡುತ್ತಾನೆ. ಗಿನಿಪಿಗ್ ಎತ್ತಿಕೊಳ್ಳಲು ಬಿಡಬಹುದಾ? ಒಂದು ಸಾಕಾ, ಎರಡು ತರಬೇಕಾ?

ಹಸಿರೆಲೆ ಟೀಚರ್:

ಎತ್ತಿಕೊಳ್ಳುವುದು ಈಗ ಬೇಡ. ಸರಳಿನ ಸಂದಿಯಲ್ಲಿ ಎಲೆ ಕೊಡುವುದರಿಂದ ಶುರು ಮಾಡಿ. ಮುಟ್ಟುವ ಹಂತ ಬಂದಾಗ ಗಿನಿಪಿಗ್ ನಿಮ್ಮ ತೊಡೆಯ ಮೇಲೆ ಟವೆಲ್‌ನಲ್ಲಿ ಇರಲಿ. ಅವನ ಕೈ ಮೇಲೆ ನಿಮ್ಮ ಕೈ ಇಟ್ಟು ಬೆನ್ನು ಸವರಿಸಿ. ಮುಗಿದ ಕೂಡಲೇ ಕೈ ತೊಳೆಸಿ, ಅದಕ್ಕೂ ಒಂದು ಚಿತ್ರದ ಕಾರ್ಡ್ ಮಾಡಿಕೊಳ್ಳಿ.

ತಂದರೆ ಎರಡು ತನ್ನಿ. ಒಂಟಿಯಾಗಿ ಇರುವ ಪ್ರಾಣಿ ಅಲ್ಲ ಅದು. ಎರಡೂ ಹೆಣ್ಣೋ ಅಂತ ಪ್ರಾಣಿ ವೈದ್ಯರ ಹತ್ತಿರ ತೋರಿಸಿಕೊಳ್ಳಿ, ಮರಿಗಳಲ್ಲಿ ಗುರುತು ಹಿಡಿಯುವುದು ಕಷ್ಟ. ಚರ್ಮದ ಸೋಂಕು ಇದೆಯಾ ಅಂತಲೂ ಆಗಲೇ ನೋಡಿಸಿ. ಐದಾರು ವರ್ಷ, ಕೆಲವು ಇನ್ನೂ ಜಾಸ್ತಿ ಬದುಕುತ್ತವೆ. ಮಗನಿಗೆ ಆಸಕ್ತಿ ಹೋದರೂ ನೀವೇ ನೋಡಿಕೊಳ್ಳುವುದಾದರೆ ಮಾತ್ರ ತನ್ನಿ. ಅದಕ್ಕೂ ಮೊದಲು ಗಿನಿಪಿಗ್ ಸಾಕಿರುವ ಪರಿಚಯದವರ ಮನೆಗೆ ಅವನನ್ನು ಕರೆದುಕೊಂಡು ಹೋಗಿ ಬನ್ನಿ. ಆ ಕುಯ್ ಕುಯ್ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನಾ ಅಂತ ನೋಡಿ, ಇಲ್ಲಿ ಬರೆಯಿರಿ.