‘ನೈತಿಕ ಹೊಣೆ’ ಮತ್ತು ಬರಿಯ ‘ಹೊಣೆ’: ಬಳಕೆಯ ಬಗ್ಗೆ ಒಂದು ಪ್ರಶ್ನೆ

ಮಾನ್ಯರೇ,

ಸಚಿವರೊಬ್ಬರು ಹುದ್ದೆ ಬಿಟ್ಟಾಗಲೆಲ್ಲ ಪತ್ರಿಕೆಗಳಲ್ಲಿ ‘ನೈತಿಕ ಹೊಣೆ ಹೊತ್ತು ರಾಜೀನಾಮೆ’ ಎಂಬ ಮಾತನ್ನು ಓದುತ್ತೇವೆ. ತಪ್ಪು ಅವರದೇ ಆಗಿದ್ದರೂ ಇದೇ ಮಾತು, ಅವರ ಕೈಕೆಳಗಿನ ಯಾರದೋ ಆಗಿದ್ದರೂ ಇದೇ ಮಾತು. ಈ ಎರಡನ್ನು ಬೇರ್ಪಡಿಸುವ ನುಡಿಗಟ್ಟು ಕನ್ನಡದಲ್ಲಿ ರೂಢಿಯಲ್ಲಿದೆಯೇ ಎಂಬುದು ನನ್ನ ಪ್ರಶ್ನೆ.

1956ರ ನವೆಂಬರಿನಲ್ಲಿ ಅರಿಯಲೂರಿನ ರೈಲು ದುರಂತದ ನಂತರ ಲಾಲ್ ಬಹದ್ದೂರ್ ಶಾಸ್ತ್ರಿಯವರು ರೈಲ್ವೆ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ದುರಂತಕ್ಕೆ ಶಾಸ್ತ್ರಿಯವರು ಕಾರಣರೆಂದಲ್ಲ, ಸಾಂವಿಧಾನಿಕ ಔಚಿತ್ಯಕ್ಕೆ ಮೇಲ್ಪಂಕ್ತಿಯಾಗಲೆಂದು ಅದನ್ನು ಒಪ್ಪಿಕೊಂಡಿರುವುದಾಗಿ ಪ್ರಧಾನಿ ನೆಹರೂ ಸಂಸತ್ತಿನಲ್ಲಿ ತಿಳಿಸಿದರು. ಇಲ್ಲಿ ‘ನೈತಿಕ’ ಎಂಬ ವಿಶೇಷಣ ಸಾರ್ಥಕವಾಗಿದೆ. ‘ಹೊಣೆ’ಯ, ಅಂದರೆ ಹಳಗನ್ನಡದ ‘ಪೊಣೆ’ಯ, ಹಳೆಯ ಅರ್ಥಗಳಲ್ಲೊಂದು ಜಾಮೀನು, ಸಾಲ ಮಾಡಿದವನು ಬೇರೆ, ಅವನಿಗೆ ಹೊಣೆಯಾಗಿ ನಿಂತವನು ಬೇರೆ. ಶಾಸ್ತ್ರಿಯವರ ನಡೆಗೆ ಆ ಅರ್ಥವೂ ಚೆನ್ನಾಗಿ ಒಪ್ಪುತ್ತದೆ.

1961ರ ಏಪ್ರಿಲಿನಲ್ಲಿ ಅಮೆರಿಕದ ಬೆಂಬಲದಿಂದ ಕ್ಯೂಬಾದ ಪಿಗ್ಸ್ ಕೊಲ್ಲಿಯಲ್ಲಿ ನಡೆದ ದಾಳಿ ವಿಫಲವಾದಾಗ ಅಮೆರಿಕದ ಅಧ್ಯಕ್ಷ ಕೆನಡಿ, ಸರ್ಕಾರದ ಹೊಣೆಗಾರ ತಾನೇ ಎಂದು ಪತ್ರಿಕಾಗೋಷ್ಠಿಯಲ್ಲಿ ಹೇಳಿದರು; ಹುದ್ದೆಯಲ್ಲೇ ಮುಂದುವರಿದರು. ದಾಳಿಗೆ ಒಪ್ಪಿಗೆ ಕೊಟ್ಟವರೂ ಅವರೇ. ಇದನ್ನು ‘ನೈತಿಕ ಹೊಣೆ ಹೊತ್ತರು’ ಎಂದು ಬರೆದರೆ, ತಪ್ಪು ಇನ್ನಾರದೋ, ಇವರು ದೊಡ್ಡ ಮನಸ್ಸಿನಿಂದ ಹೆಗಲು ಕೊಟ್ಟರು ಎಂಬ ಧ್ವನಿ ಬಂದುಬಿಡುತ್ತದೆ. ವಿಶೇಷಣವೊಂದು ತಪ್ಪಿತಸ್ಥನನ್ನು ಉದಾರಿಯನ್ನಾಗಿ ಕಾಣಿಸುವುದು ಸಣ್ಣ ವಿಷಯವಲ್ಲವೆಂದು ನಾನು ತಿಳಿದಿದ್ದೇನೆ.

ಪರ್ಯಾಯಗಳನ್ನು ಹುಡುಕಿದರೆ ‘ತಪ್ಪೊಪ್ಪಿಗೆ’ ಎಂಬ ಪದ ಠಾಣೆ ಮತ್ತು ನ್ಯಾಯಾಲಯದ ವಾಸನೆ ಹೊತ್ತಿದೆ. ‘ತಲೆದಂಡ’ವು ಮೇಲಿನವರು ತೆರುವಂತೆ ಮಾಡುವಂಥದ್ದು, ತಾನಾಗಿ ಒಪ್ಪಿಕೊಳ್ಳುವುದಲ್ಲ. ‘ಜವಾಬ್ದಾರಿ’ಯ ಮೂಲದಲ್ಲಿ ಜವಾಬು, ಎಂದರೆ ಉತ್ತರ, ಇದೆಯಾದರೂ ಇಂದು ಅದು ವಹಿಸಿಕೊಂಡ ಕೆಲಸ ಎಂಬರ್ಥದಲ್ಲೇ ಹೆಚ್ಚು ಬಳಕೆಯಾಗುತ್ತಿದೆ, ಬಹುಶಃ ಅದಕ್ಕೇ ‘ಉತ್ತರದಾಯಿತ್ವ’ವನ್ನು ಬೇರೆಯಾಗಿ ಕಟ್ಟಿಕೊಳ್ಳಬೇಕಾಯಿತು.

ಪಕ್ಕದ ಇನ್ನೊಂದು ಜೋಡಿಯಲ್ಲಿ ನಾವು ಇಷ್ಟು ಸಡಿಲವಾಗಿಲ್ಲ. 2019ರ ಏಪ್ರಿಲಿನಲ್ಲಿ ಬ್ರಿಟನ್ನಿನ ಪ್ರಧಾನಿ ತೆರೇಸಾ ಮೇ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಬಗ್ಗೆ ‘ವಿಷಾದ’ ವ್ಯಕ್ತಪಡಿಸಿದರೇ ಹೊರತು ‘ಕ್ಷಮೆ’ ಕೇಳಲಿಲ್ಲ ಎಂದರೆ ಕನ್ನಡದ ಯಾವ ಓದುಗರಿಗೂ ವಿವರಣೆ ಬೇಕಾಗುವುದಿಲ್ಲ.

ಕ್ರಿಯಾಪದದ ಬಗ್ಗೆಯೂ ಒಂದು ಮಾತು. ಎದುರಿಗೆ ನಿಂತು ‘ತಪ್ಪಾಯಿತು’ ಎನ್ನುವವರು ‘ನನ್ನಿಂದ’ ಎನ್ನದಿದ್ದರೂ ಅದು ಪೂರ್ಣ ಒಪ್ಪಿಗೆಯೇ. ಆದರೆ ಆಳುವವರ ಹೇಳಿಕೆಯಲ್ಲಿ ‘ಕೆಲವು ತಪ್ಪುಗಳಾಗಿವೆ’ ಎಂದು ಬಂದಾಗ ಮಾಡಿದವರು ಯಾರೆಂಬುದೇ ಮರೆಯಾಗುತ್ತದೆ. ಆದ್ದರಿಂದ ವರದಿಗಾರರು ಇಂಥ ಹೇಳಿಕೆಯನ್ನು ‘ತಪ್ಪು ಒಪ್ಪಿಕೊಂಡರು’ ಎಂದು ತಿದ್ದಿ ಬರೆಯದೆ ಆಡಿದಂತೆಯೇ ಕೊಡುವುದು ಸರಿ ಎನಿಸುತ್ತದೆ.

ತಪ್ಪು ತಮ್ಮದೇ ಆಗಿದ್ದಲ್ಲಿ ‘ನೈತಿಕ’ವನ್ನು ಕೈಬಿಟ್ಟು ‘ತಪ್ಪಿನ ಹೊಣೆ ಹೊತ್ತರು’ ಎಂದರೆ ಸಾಕೆಂಬುದು ನನ್ನ ಸದ್ಯದ ಅಭಿಪ್ರಾಯ. ಇದಕ್ಕಿಂತ ಹೊಂದುವ ಮಾತು ನಿಮ್ಮ ಕಡೆಯ ಆಡುನುಡಿಯಲ್ಲಾಗಲಿ, ಹಳೆಯ ಬರಹಗಳಲ್ಲಾಗಲಿ ಇದ್ದರೆ ಬಳಕೆಯ ಸಂದರ್ಭದೊಡನೆ ದಯವಿಟ್ಟು ತಿಳಿಸಬೇಕು.